ನಮ್ಮ ಮನೆಯ ಶಾಂತಿಯ ಕಷಾಯ

ನಲವತ್ತು ವರ್ಷ ತುಂಬುವವರೆಗೂ ನನಗೆ ಸಿಟ್ಟೇ ಬರುವುದಿಲ್ಲವೆಂದು ನಾನು ಮನಸಾರೆ ನಂಬಿದ್ದೆ. ನನಗೆ ಬರುತ್ತಿದ್ದುದು ಪಿತ್ತ. ಬೇಸಿಗೆಯಲ್ಲಿ ಅದಕ್ಕೆ ಉಷ್ಣವೆಂದು ಹೆಸರು, ಮಳೆಗಾಲದಲ್ಲಿ ವಾಯು, ಮುಂಬಯಿಯಿಂದ ಹತ್ತಿಯ ದರದ ತಂತಿ ಬಂದ ದಿನ ತಲೆನೋವು. ಸಿಟ್ಟೆಂಬುದು ಬೇರೆಯವರಿಗೆ ಬರುವ ರೋಗ. ಪಕ್ಕದ ಅಂಗಡಿಯವನಿಗೆ, ಸ್ಟೇಷನ್ನಿನ ಟಿಕೀಟು ಗುಮಾಸ್ತನಿಗೆ, ನನ್ನ ಮಾವನವರಿಗೆ ಬರುತ್ತಿತ್ತು. ಅವರನ್ನೆಲ್ಲ ನೋಡಿ, ಪಾಪ, ಇವರ ಮನೆಯವರು ಹೇಗೆ ಬಾಳುತ್ತಾರೋ ಎಂದು ಮರುಗುತ್ತಿದ್ದೆ. ಇದನ್ನು ಬರೆಯುವಾಗ ಈಗಲೂ ಕಿವಿಯ ತುದಿ ಬಿಸಿಯಾಗುತ್ತದೆ. ಆದರೂ ಬರೆಯುತ್ತೇನೆ. ನಾಚಿಕೆಯನ್ನು ಒಬ್ಬನೇ ಇಟ್ಟುಕೊಂಡಷ್ಟೂ ಅದು ಹುಳಿಯುತ್ತದೆ. ಯಾರಿಗಾದರೂ ಹೇಳಿದರೆ ಸ್ವಲ್ಪ ತಿಳಿಯಾಗಬಹುದು.

ಅದು ಎರಡನೆಯ ಮಹಾಯುದ್ಧದ ಕಾಲ. ನಮ್ಮ ಆದೋನಿ ಆಗ ಬಳ್ಳಾರಿ ಜಿಲ್ಲೆಯೊಳಗೇ ಇತ್ತು. ನಾನು ಹತ್ತಿಯ ವ್ಯಾಪಾರಿ. ವ್ಯಾಪಾರಕ್ಕಿಂತ ಹೆಚ್ಚಾಗಿ, ಹತ್ತಿ ನೋಡುವುದರಲ್ಲಿ ನನಗೆ ಹೆಸರಿತ್ತು. ಆಸ್ಪರಿ, ದೇವನಕೊಂಡದ ಕಡೆಯಿಂದ ಬಂಡಿಗಳು ಬಂದು ನಿಂತರೆ ನಾನು ಹೋಗಿ ಮೂಟೆಯೊಳಗೆ ಕೈ ತೂರಿಸಿ ಒಂದು ಹಿಡಿ ತೆಗೆಯುತ್ತಿದ್ದೆ. ಅದನ್ನು ಎರಡೂ ಕೈಯ ಬೆರಳಿನಲ್ಲಿ ಹಿಡಿದು ಮೆಲ್ಲಗೆ ಬಿಡಿಸಿ, ಎಳೆ ಎಷ್ಟು ಉದ್ದ, ಎಷ್ಟು ಗಟ್ಟಿ ಎಂದು ಹೇಳುತ್ತಿದ್ದೆ. "ಕೂಸಿನ ಕೂದಲಾ ಬಾಚಿದಂಗ ನೋಡ್ತಾರ್ರಿ ನಮ್ಮ ಸಾವ್ಕಾರು" ಎಂದು ರೈತರು ಮೆಚ್ಚುತ್ತಿದ್ದರು. ನನ್ನ ಮೃದುತನವೆಲ್ಲ ಹತ್ತಿಗೇ ಹೋಗಿ ಮನೆಗೆ ಏನೂ ಉಳಿಯುತ್ತಿರಲಿಲ್ಲವೆಂದು ಕಾಣುತ್ತದೆ.

ಮನೆಯಲ್ಲಿ ನನ್ನ ಅವ್ವ, ಹೆಂಡತಿ ಸಂಗಮ್ಮ, ಎಂಟು ವರ್ಷದ ಮಗಳು ನೀಲ. ಅಂಗಡಿಯಲ್ಲಿ ನನ್ನ ತಂದೆಯ ಕಾಲದಿಂದಲೂ ಇದ್ದ ಗುಮಾಸ್ತ ಖಾಸಿಂ ಸಾಹೇಬರು. ಈ ನಾಲ್ವರದೂ ಮಾತು ಕಡಿಮೆ. ನಾನು ಹೊಸ್ತಿಲು ದಾಟಿದರೆ ಮನೆ ಗಪ್ಪಾಗುತ್ತಿತ್ತು. ಅಂಗಡಿಯ ಗಾದಿಯ ಮೇಲೆ ಕೂತರೆ ಅಂಗಡಿ ಗಪ್ಪಾಗುತ್ತಿತ್ತು. ಇದನ್ನು ನಾನು ಮರ್ಯಾದೆ ಎಂದುಕೊಂಡಿದ್ದೆ. ಬೇರೆಯವರ ಮನೆಗೆ ಹೋದಾಗ ಅಲ್ಲಿನ ಗದ್ದಲ ಕೇಳಿ, ಶಿಸ್ತಿಲ್ಲದ ಜನ ಎಂದು ಮನಸ್ಸಿನಲ್ಲಿಯೇ ತೀರ್ಪು ಕೊಟ್ಟು ಬರುತ್ತಿದ್ದೆ.

ಆ ವರ್ಷ ನನ್ನ ಎದೆ ಬಡಿದುಕೊಳ್ಳಲು ಶುರುವಾಯಿತು. ಯುದ್ಧದ ಸುದ್ದಿಯ ಜೊತೆ ಹತ್ತಿಯ ದರ ದಿನಕ್ಕೊಂದು ಕುಣಿತ ಕುಣಿಯುತ್ತಿತ್ತು. ಮಧ್ಯಾಹ್ನ ತಂತಿಯವನ ಸೈಕಲ್ಲಿನ ಗಂಟೆ ಕೇಳಿದರೆ ಗಾದಿಯಿಂದ ಎದ್ದು ಬಾಗಿಲಿಗೆ ಓಡುತ್ತಿದ್ದೆ. ಒಬ್ಬ ಡಾಕ್ಟರರನ್ನು ಕಂಡೆ. ಅವರು ಒಂದು ಸೀಸೆ ಔಷಧ ಕೊಟ್ಟು, "ಸ್ವಲ್ಪ ಸಮಾಧಾನವಾಗಿರಿ" ಎಂದರು. "ನಾನು ಸಮಾಧಾನವಾಗಿಯೇ ಇದ್ದೇನೆ!" ಎಂದು ನಾನು ಮೇಜು ಗುದ್ದಿದ ಸದ್ದಿಗೆ ಹೊರಗೆ ಬೆಂಚಿನ ಮೇಲೆ ಕೂತಿದ್ದ ರೋಗಿಗಳು ಎದ್ದು ನಿಂತರಂತೆ. ಆ ಔಷಧ ಕುಡಿದ ದಿನ ಹಾಡಹಗಲೇ ಅರಳೆಯ ರಾಶಿಯ ಮೇಲೆ ಒರಗಿ ನಿದ್ದೆಹೋದೆ. ನಂದವರದ ಒಬ್ಬ ರೈತ ನನ್ನ ಮೂಗಿನ ಹತ್ತಿರ ಬೆರಳಿಟ್ಟು ಉಸಿರಾಡುತ್ತೇನೆಯೇ ಎಂದು ನೋಡುತ್ತಿದ್ದಾಗ ಎಚ್ಚರವಾಯಿತು. ಸೀಸೆಯನ್ನು ಅವತ್ತೇ ಎಸೆದೆ.

ಆಗ ಅವ್ವ ಹೇಳಿದಳು, "ಸಂತ್ಯಾಗ ಬೀರಮ್ಮ ಅಂತ ಒಬ್ಬಾಕಿ ಬೇರು ಮಾರ್ತಾಳ. ಮನಸ್ಸಿಗೆ ತಂಪು ಮಾಡೋ ಪುಡಿ ಕೊಡ್ತಾಳ. ಚೊಲೋ ಇರತೈತಿ, ತರಸ್ಲೇನು?"

ಚೊಲೋ ಇರುತ್ತದೆಂದು ಅವ್ವನಿಗೆ ಹೇಗೆ ಗೊತ್ತು ಎಂದು ನಾನು ಕೇಳಬಹುದಿತ್ತು. ಕೇಳಲಿಲ್ಲ. ಮರುದಿನ ಸಂಗಮ್ಮ ಹಿತ್ತಾಳೆಯ ಲೋಟದಲ್ಲಿ ಕಷಾಯ ತಂದಿಟ್ಟಳು. ಮಣ್ಣಿನ ಬಣ್ಣ, ಒದ್ದೆ ಕಂಬಳಿಯ ವಾಸನೆ. ಕುಡಿದೆ. ಒಂದು ವಾರದಲ್ಲಿ ನಾನು ಬೇರಿನ ಭಕ್ತನಾದೆ.

ಭಕ್ತನಾದ ಮೇಲೆ ಪಂಡಿತನಾಗದೆ ಇರುತ್ತೇನೆಯೇ? ಎಲ್ಲಿಂದಲೋ ಒಂದು ಹಳೆಯ ವೈದ್ಯದ ಪುಸ್ತಕ ಸಂಪಾದಿಸಿದೆ. ನಮ್ಮ ಹಿರೇಮದ್ದಿನ ಬೇರನ್ನು ತೆಲುಗರು ಪೆನ್ನೇರು ಎನ್ನುತ್ತಾರೆ, ಸಂಸ್ಕೃತದವರು ಅಶ್ವಗಂಧ ಎನ್ನುತ್ತಾರೆ, ಏಕೆಂದರೆ ಅದಕ್ಕೆ ಕುದುರೆಯ ವಾಸನೆ. ಹೊಲದ ಬದುವಿನಲ್ಲಿ ನೆಲಕ್ಕಂಟಿ ಹರಡುವ, ಉಗುರಿನಷ್ಟೇ ನೀಲಿ ಹೂವಿನ ವಿಷ್ಣುಕ್ರಾಂತಿಯನ್ನು ದನಗಳೂ ಕಡೆಗಣಿಸುತ್ತವೆ, ಆದರೆ ಬುದ್ಧಿಯ ತಾಪಕ್ಕೆ ಅದರಂಥ ಮದ್ದಿಲ್ಲ. ಜಟಾಮಾಂಸಿ ಹಿಮಾಲಯದಿಂದ ಬರುತ್ತದೆ, ಅಷ್ಟು ದೂರದಿಂದ ನಮ್ಮ ಸಲುವಾಗಿ. ಹೀಗೆ ಊಟದ ಹೊತ್ತಿನಲ್ಲಿ ಮನೆಯವರಿಗೆ ಉಪನ್ಯಾಸ ಕೊಡುತ್ತಿದ್ದೆ. ಅವರೆಲ್ಲ ತಲೆ ತಗ್ಗಿಸಿ ಕೇಳುತ್ತಿದ್ದರು. "ಶಾಂತಿ ಅನ್ನೋದು ಒಳಗಿಂದ ಬರಬೇಕು" ಎಂದು ಖಾಸಿಂ ಸಾಹೇಬರಿಗೂ ಬುದ್ಧಿ ಹೇಳಿದೆ. ಅವರು, "ಹೌದ್ರಿ ಸಾವ್ಕಾರ್" ಎಂದು ಗಡ್ಡ ಸವರಿಕೊಂಡರು.

ಈಗ ಆ ದಿನದ ವಿಷಯಕ್ಕೆ ಬರಬೇಕು. ಬಿಟ್ಟುಬಿಡೋಣವೆಂದು ಎರಡು ಸಲ ಲೇಖನಿ ಕೆಳಗಿಟ್ಟೆ. ಅವತ್ತು ಅಂಗಡಿಯಿಂದ ಬಂದಾಗ ಕಷಾಯ ಆಗಷ್ಟೇ ಒಲೆಯ ಮೇಲೇರಿತ್ತು. ಸಂಗಮ್ಮ ಓಡಿಬಂದು ಲೋಟ ಕೊಟ್ಟಳು. ಮುಟ್ಟಿ ನೋಡಿದರೆ ಉಗುರುಬೆಚ್ಚಗಿತ್ತು. ಕುದಿಯಬೇಕಾದಷ್ಟು ಕುದಿಸಿಲ್ಲ, ಪುಸ್ತಕದಲ್ಲಿ ನೀರನ್ನು ಕುದಿಸಿ ಎಂಟರಲ್ಲೊಂದು ಪಾಲಿಗೆ ಇಳಿಸಬೇಕೆಂದು ಬರೆದಿದೆ, ಇಷ್ಟು ಸಣ್ಣ ಕೆಲಸವೂ ಈ ಮನೆಯಲ್ಲಿ ಆಗುವುದಿಲ್ಲವೇ ಎಂದು ಕೂಗಿ ಲೋಟವನ್ನು ಗೋಡೆಗೆ ಎಸೆದೆ. ಅದು ಅವಳ ಕಿವಿಯ ಪಕ್ಕದಿಂದ ಹಾದುಹೋಯಿತು. ಅವಳು ಕಣ್ಣು ಮುಚ್ಚಿದಳು, ಅಷ್ಟೆ. ಆಮೇಲೆ ಬಗ್ಗಿ, ಸೆರಗಿನಿಂದ ನೆಲ ಒರೆಸಿ, ಒಳಗೆ ಹೋಗಿ ಇನ್ನೊಂದು ಲೋಟ ತಂದಳು. ನಾನು ಕುಡಿದೆ. ಸ್ವಲ್ಪ ಹೊತ್ತಿಗೆ ಎದೆಯ ಬಡಿತ ಇಳಿಯಿತು. "ನೋಡಿದ್ರ್ಯಾ, ಎಂಥಾ ಗುಣ ಐತಿ ಈ ಬೇರಿಗೆ!" ಎಂದೆ. ಶಾಂತಿಯ ಕಷಾಯ ತಣ್ಣಗಿದೆಯೆಂದು ಲೋಟ ಎಸೆದ ಮನುಷ್ಯ ಈ ಮಾತು ಹೇಳಿದನೆಂದು ನೀವು ನಂಬದಿದ್ದರೆ ನಾನು ಬೇಸರಪಡುವುದಿಲ್ಲ. ನಗುವುದಾದರೆ ನಗಿರಿ. ಆ ಮನೆಯಲ್ಲಿ ಅವತ್ತು ಯಾರೂ ನಗಲಿಲ್ಲ.

ಕೆಲವು ದಿನಗಳ ಮೇಲೆ ನನಗೆ ಒಂದು ಸಂಶಯ ಬಂತು. ಎಂಟು ದಿನ ಬರಬೇಕಾದ ಪುಡಿಯ ಪೊಟ್ಟಣ ಮೂರು ದಿನಕ್ಕೆ ಮುಗಿಯುತ್ತಿದೆ. ಹತ್ತಿಯ ತೂಕದಲ್ಲಿ ಜೀವ ತೇದವನು ನಾನು, ನನಗೇ ಮೋಸವೇ? ಸಂತೆಯ ದಿನ ಖುದ್ದು ಹೊರಟೆ.

ಬೀರಮ್ಮನನ್ನು ಅದುವರೆಗೆ ನೋಡಿರಲಿಲ್ಲ. ಆಸ್ಪರಿಯ ಆಚೆಯ ಒಂದು ಹಳ್ಳಿಯವಳು, ಕುರಿ ಸಾಕುವ ಮನೆತನ. ಕುರಿಗಳ ಹಿಂದೆ ಅಲೆಯುತ್ತ ಅಲೆಯುತ್ತ ಯಾವ ಗುಡ್ಡದಲ್ಲಿ ಯಾವ ಬೇರು ಎಂದು ಕಲಿತವಳಂತೆ. ಬೇವಿನ ಮರದ ಕೆಳಗೆ ಕರಿ ಕಂಬಳಿ ಹಾಸಿ, ಬೇರುಗಳನ್ನು ಸಣ್ಣ ಸಣ್ಣ ಗುಡ್ಡೆ ಮಾಡಿಕೊಂಡು ಕೂತಿದ್ದಳು. ಐವತ್ತೈದು ಅರವತ್ತು ವಯಸ್ಸಿರಬೇಕು. ನಾನು ನಿಂತೇ ಒಂದು ಪೊಟ್ಟಣ ಕೈಗೆತ್ತಿಕೊಂಡೆ.

"ಈ ಪುಡಿ ಎಷ್ಟು ದಿನ ಬರಬೇಕು?"

"ಒಬ್ಬರು ಕುಡಿದ್ರ ಎಂಟು ದಿನಕ್ಕ ಮೋಸ ಇಲ್ಲ, ಸಾಮಿ."

"ನಮ್ಮಲ್ಲಿ ಮೂರು ದಿನಕ್ಕ ಮುಗೀತೈತಿ. ತಕ್ಕಡ್ಯಾಗ ಏನು ಕೈಚಳಕ ಮಾಡ್ತೀ?"

ಸುತ್ತ ನಿಂತವರು ತಿರುಗಿ ನೋಡಿದರು. ಬೀರಮ್ಮ ಮಾತ್ರ ಸಿಟ್ಟಾಗಲಿಲ್ಲ. ತಿಳಿಯದವನಿಗೆ ತಿಳಿಹೇಳುವ ದನಿಯಲ್ಲಿ, "ತಕ್ಕಡೀದಲ್ಲ ಸಾಮಿ ಅದು. ಲಗೂ ಮುಗದ್ರ ಕುಡಿಯೋರು ಭಾಳ ಮಂದಿ ಅದಾರ ಅಂತ ತಿಳೀಬೇಕು. ಇಲ್ಲೇ ಹತ್ತಿ ವ್ಯಾಪಾರದೋರ ಓಣ್ಯಾಗ ಅಂಥಾದ್ದೊಂದು ಮನಿ ಐತಿ, ಚೂಡಂಡಿ, ನೋಡ್ರಿ" ಎಂದು ಶುರುಮಾಡಿದಳು.

ಅವಳಿಗೆ ನಾನು ಯಾರೆಂದು ಗೊತ್ತಿರಲಿಲ್ಲ. ನಮ್ಮ ಓಣಿಯ ಸುದ್ದಿಯೆಂದರೆ ಯಾರಿಗೆ ಬೇಡ? ನಾನೂ ಕಿವಿಗೊಟ್ಟೆ.

"ಮೊದ್ಲು ಆ ಮನಿ ಸೊಸಿ ಬಂದ್ಲು. ಎರಡು ವರ್ಷ ಆತು. ಆಕಿ ಕೈ ಗಡಗಡ ನಡುಗ್ತಿತ್ತು. ಏನವ್ವಾ, ಜ್ವರ ಬಂದಾವೇನು ಅಂದೆ. ಲೇದು, ಜ್ವರ ಇಲ್ಲ, ಯಜಮಾನ್ರು ಊಟಕ್ಕ ಬರೋ ಹೊತ್ತಾತು ಅಂದ್ಲು. ಆಮ್ಯಾಲ ಅತ್ತಿಗೂ ಬೇಕು ಅಂತ ಒಯ್ದ್ಲು. ಆಮ್ಯಾಲ ಅವರ ಅಂಗಡಿ ಸಾಯಬ್ರು ಬರಾಕ ಹತ್ತಿದ್ರು. ಈಗ ನೋಡ್ರಿ, ಆ ಯಜಮಾನಗೂ ಇದನ್ನ ಕುಡಸ್ತಾರಂತ! ಒಲೀಗೆ ಸೆಕಿ ಆಗೇತಿ ಅಂತ ಬೀಸಣಿಕಿ ಹಿಡದಂಗಾತು."

ಜನ ನಕ್ಕರು. ನಾನೂ ನಗಲು ನೋಡಿದೆ. ತುಟಿ ಏಳಲಿಲ್ಲ. ಕೈಯಲ್ಲಿದ್ದ ಪೊಟ್ಟಣ ಬೆವರಿಗೆ ಮೆತ್ತಗಾಗಿತ್ತು.

"ಮೊನ್ನೆ ಆಕಿ ಕೂಸಿಗೂ ಒಂದೀಟು ಕೊಡು ಅಂದ್ಲು. ಅಪ್ಪನ ಮುಂದ ನಿಂತ್ರ ಮಾತು ತೊದಲತಾಳ ಹುಡುಗಿ ಅಂತ. ನಾ ಕೊಡಲಿಲ್ಲ. ಎಂಟು ವರ್ಷದ ಕೂಸು ಯಾಕ ಬೇರು ಕುಡೀಬೇಕು? ಕೂಸಿನ ಹೆದರಿಕಿಗೆ ನನ್ನ ಗುಡ್ಡದಾಗ ಮದ್ದಿಲ್ಲವ್ವಾ ಅಂದೆ. ಅಳಕೋತ ಹೋದ್ಲು." ಬೀರಮ್ಮ ತಲೆಯೆತ್ತಿ ನನ್ನನ್ನು ನೋಡಿದಳು. "ನೀವೂ ಆ ಕಡೆಯೋರ ಕಾಣ್ತೀರಿ. ಯಾರ ಮನಿ ಅಂತ ಗೊತ್ತಾತೇನು?"

"ಇಲ್ಲ" ಎಂದೆ.

ನೀಲ ತೊದಲುತ್ತಿದ್ದುದು ನನಗೆ ಗೊತ್ತಿತ್ತು. ಅದು ಹುಟ್ಟಿನಿಂದ ಬಂದದ್ದೆಂದು ತಿಳಿದಿದ್ದೆ. ಅವಳ ನಾಲಿಗೆ ತಿದ್ದಲು ದಿನವೂ ಎದುರಿಗೆ ನಿಲ್ಲಿಸಿಕೊಂಡು ಜೋರಾಗಿ ಓದಿಸುತ್ತಿದ್ದೆ.

ಇಲ್ಲವೆಂದು ಹೇಳಿ ಅಲ್ಲಿಂದ ಜಾರಿಕೊಳ್ಳಬೇಕು, ಅಷ್ಟರಲ್ಲಿ ಬೆನ್ನ ಹಿಂದಿನಿಂದ, "ಬೀರವ್ವಾ, ನಂದೊಂದು ಪುಡಿ ಕೊಡು, ಜಲ್ದಿ. ತಂತಿ ಬರೋ ವಖತ್ ಆತು" ಎಂಬ ದನಿ ಕೇಳಿತು. ತಿರುಗಿದರೆ ಖಾಸಿಂ ಸಾಹೇಬರು. ನನ್ನನ್ನು ಕಂಡು ಅವರ ಮುಖ ಸುಣ್ಣದಂತೆ ಬಿಳುಚಿತು. "ಸಾವ್ಕಾರ್..." ಎಂದರು. ಅಷ್ಟೇ ಸಾಕಾಯಿತು. ಬೀರಮ್ಮ ಅವರನ್ನು ನೋಡಿದಳು, ನನ್ನನ್ನು ನೋಡಿದಳು. ಅವಳು ಹೆದರುತ್ತಾಳೆ, ಕ್ಷಮೆ ಕೇಳುತ್ತಾಳೆ ಎಂದುಕೊಂಡೆ. ಅವಳು ಕೈ ಚಾಚಿ ನನ್ನ ಕೈಯಿಂದ ಪೊಟ್ಟಣ ತೆಗೆದುಕೊಂಡು ಖಾಸಿಂ ಸಾಹೇಬರಿಗೆ ಕೊಟ್ಟಳು.

"ಇದು ನಿಮಗ ಬ್ಯಾಡ, ಸಾಮಿ. ನಿಮಗ ಕೊಟ್ರ ಸುಮ್ಮನ ದಂಡ. ನೀವು ಕೂಗೋದು ಬಿಡ್ರಿ, ಅವರು ಕುಡಿಯೋದು ಬಿಡ್ತಾರ."

ಈ ಸಲ ಯಾರೂ ನಗಲಿಲ್ಲ. ಎಲ್ಲರೂ ತಮ್ಮ ತಮ್ಮ ಬುಟ್ಟಿಯೊಳಗೆ ಏನನ್ನೋ ಹುಡುಕತೊಡಗಿದರು. ನನ್ನ ಮೇಲೆ ಕರುಣೆಯಿಂದ ಮುಖ ತಿರುಗಿಸಿದ್ದರು. ಅದಕ್ಕಿಂತ ನಕ್ಕಿದ್ದರೆ ಚೆನ್ನಾಗಿತ್ತು.

ಖಾಸಿಂ ಸಾಹೇಬರು ನನ್ನ ಜೊತೆಯಲ್ಲಿ ಸ್ವಲ್ಪ ದೂರ ನಡೆದುಬಂದರು. ಪೊಟ್ಟಣವನ್ನು ಎಲ್ಲಿ ಬಚ್ಚಿಡಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲ. "ಗುಸ್ಸಾ ಮಾಡಬ್ಯಾಡ್ರಿ. ತಂತಿ ಬರೋ ಹೊತ್ತಿಗೆ ಎದಿ ಹೊಡಕೋತಿತ್ತು, ಅದಕ್ಕ" ಎಂದರು. "ನಿಮಗ್ಯಾಕ್ರಿ ತಂತಿ ಭಯ? ನಷ್ಟ ಆದ್ರ ನನಗ" ಎಂದೆ. ಅವರು ಪೊಟ್ಟಣವನ್ನು ಕೊನೆಗೆ ಜೇಬಿಗೆ ತುರುಕಿ, "ತಂತೀದು ಭಯ ಇಲ್ರಿ" ಎಂದರು. ನನ್ನ ತಂದೆಯ ವಯಸ್ಸಿನ ಮನುಷ್ಯ. ಚಿಕ್ಕವನಾಗಿದ್ದಾಗ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹತ್ತಿಯ ಗಿರಣಿ ತೋರಿಸಿದವರು. ಅವರನ್ನು ಅಂಗಡಿಗೆ ಕಳುಹಿಸಿ ನಾನು ಮನೆಯ ಕಡೆ ತಿರುಗಿದೆ.

ನಮ್ಮ ಓಣಿಯ ತಿರುವಿನಲ್ಲಿ ಯಾಕೋ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದೆ. ನನ್ನ ಚಪ್ಪಲಿಯ ಸದ್ದು ಕೇಳದಿದ್ದರೆ ನನ್ನ ಮನೆ ಹೇಗಿರುತ್ತದೆಂದು ತಿಳಿಯಬೇಕೆನಿಸಿತು. ನಡುಹಗಲಿನ ಬಿಸಿಲು, ಹಾಸುಗಲ್ಲು ಕಾದ ಹೆಂಚಾಗಿತ್ತು. ಸ್ವಂತ ಮನೆಯ ಕಿಟಕಿಯ ಪಕ್ಕ ಕಳ್ಳನ ಹಾಗೆ ನಿಂತೆ.

ಒಳಗೆ ನಗು. ಅವ್ವ ಕೆಮ್ಮು ಬರುವಷ್ಟು ನಗುತ್ತಿದ್ದಳು. ಸಂಗಮ್ಮ, "ಸಾಕು ಸಾಕು, ಹೊಟ್ಟಿ ನೋಯಾಕ ಹತ್ತೇತಿ" ಎನ್ನುತ್ತಿದ್ದಳು. ಮದುವೆಯಾಗಿ ಹದಿನಾಲ್ಕು ವರ್ಷವಾಗಿದ್ದರೂ ಆ ನಗುವನ್ನು ನಾನು ಕೇಳಿರಲಿಲ್ಲ. ಯಾರನ್ನು ನೋಡಿ ನಗುತ್ತಿದ್ದಾರೆ? ಆಗ ನೀಲಳ ದನಿ ಬಂತು. ಗಂಟಲು ದಪ್ಪ ಮಾಡಿಕೊಂಡು, "ಇಷ್ಟು ಸಣ್ಣ ಕೆಲಸಾನೂ ಈ ಮನ್ಯಾಗ ಆಗೂದಿಲ್ಲೇನು? ಎಲ್ಲೈತಿ ನನ್ನ ಕಷಾಯ? ಶಾಂತಿ ಅನ್ನೋದು ಒಳಗಿಂದ ಬರಬೇಕು, ತಿಳೀತಿಲ್ಲೋ?"

ಅಕ್ಷರಕ್ಕೆ ಅಕ್ಷರ ನಾನೇ. ಮಾತಿನ ನಡುವೆ ಅವಳು ಕೆಮ್ಮಿದ ರೀತಿಯೂ ನನ್ನದೇ. ಆದರೆ ನನ್ನನ್ನು ಅಲ್ಲಿ ನಿಲ್ಲಿಸಿದ್ದು ಅದಲ್ಲ. ಹುಡುಗಿ ಒಂದು ಕಡೆಯೂ ತೊದಲಲಿಲ್ಲ. ನಾನಾಗಿ ನಟಿಸುವಾಗ ಅವಳ ನಾಲಿಗೆ ಹೊಳೆಯ ನೀರಿನ ಹಾಗೆ ಹರಿಯುತ್ತಿತ್ತು.

ಅಂಗಾಲು ಸುಡುತ್ತಿತ್ತು. ಒಳಗೆ ಹೋದರೆ ಆ ನಗು ಸಾಯುತ್ತದೆ. ಹೊರಗೆ ನಿಂತರೆ ಬೊಬ್ಬೆ ಏಳುತ್ತದೆ. ಹಾಗೆಯೇ ಬರಿಗಾಲಲ್ಲಿ ಹಿಂತಿರುಗಿ ಹೋಗಿ, ಗಿರಣಿಯ ಅಂಗಳದಲ್ಲಿ ಮೂಟೆಗಳ ನೆರಳಿನಲ್ಲಿ ಬಿಸಿಲು ಇಳಿಯುವವರೆಗೆ ಕೂತೆ. ಜನ ಬಂದು ಮಾತಾಡಿಸಿದರು. ತಲೆನೋವು ಎಂದೆ. ನನ್ನ ಹಳೆಯ ಸುಳ್ಳುಗಳು ಎಷ್ಟು ಸಲೀಸಾಗಿ ಬಾಯಿಗೆ ಬರುತ್ತವೆಂದು ಅವತ್ತೇ ಗಮನಿಸಿದ್ದು.

ಸಂಜೆ ಮನೆಗೆ ಬಂದು ಸಂಗಮ್ಮನನ್ನು ಕರೆದೆ. ಎಷ್ಟು ಮೆಲ್ಲಗೆ ಕರೆದೆನೆಂದರೆ ಅವಳು ಇನ್ನೂ ಹೆಚ್ಚು ಹೆದರಿದಳು.

"ನೀನೂ ಆ ಕಷಾಯ ಕುಡೀತೀಯಂತಲ್ಲಾ?"

ಅವಳ ಕೈ ಸೆರಗಿನ ಅಂಚನ್ನು ಹಿಡಿದುಕೊಂಡಿತು. "ತಪ್ಪಾತ್ರಿ" ಎಂದಳು. "ಇನ್ನ ಮ್ಯಾಲೆ ಕುಡಿಯೂದಿಲ್ಲ."

ಸಂತೆಯಲ್ಲಿ ಆದದ್ದು ಅವಮಾನ. ಕಿಟಕಿಯ ಹೊರಗೆ ಆದದ್ದು ದುಃಖ. ನಾಚಿಕೆಯೆಂದರೆ ಏನೆಂದು ತಿಳಿದದ್ದು ಈ ಮಾತು ಕೇಳಿದಾಗ. ನಾನು ಮಾಡಿದ ಗಾಯಕ್ಕೆ ಮದ್ದು ಹಚ್ಚಿಕೊಂಡದ್ದಕ್ಕೆ ಅವಳು ನನ್ನ ಕ್ಷಮೆ ಕೇಳುತ್ತಿದ್ದಳು. ತಪ್ಪು ನನ್ನದು ಎಂದು ಹೇಳಬೇಕಿತ್ತು. ಎರಡೇ ಮಾತು, ಗಂಟಲಿನವರೆಗೆ ಬಂದವು. ನಮ್ಮ ಕಾಲದ ಗಂಡಸರ ಗಂಟಲಲ್ಲಿ ಅಲ್ಲೊಂದು ಸುಂಕದ ಕಟ್ಟೆ ಇರುತ್ತಿತ್ತು. ಹೊರಗೆ ಬಂದದ್ದು, "ಆ ಪುಡಿ ಎಲ್ಲಿ ಇಡ್ತೀ?"

ಅಡುಗೆಮನೆಗೆ ಹೋಗಿ ಒಲೆ ಹಚ್ಚಲು ಕೂತೆ. ಊದುಗೊಳವೆಯನ್ನು ತಿರುಗುಮುರುಗು ಹಿಡಿದು ಮುಖವೆಲ್ಲ ಬೂದಿಯಾಯಿತು. ಅವ್ವ ಬಾಗಿಲಲ್ಲಿ ನಿಂತು, "ಯಾರಿಗೆ ಆರಾಮಿಲ್ಲೋ?" ಎಂದಳು. "ನನಗ, ಅವ್ವಾ" ಎಂದೆ. ಎಂಟರಲ್ಲೊಂದು ಪಾಲಿಗೆ ಇಳಿಸುತ್ತ ಇಳಿಸುತ್ತ ತಳ ಹಿಡಿಸಿದೆ. ಸೀದ ವಾಸನೆ ಪಡಸಾಲೆಯವರೆಗೂ ಹೋಯಿತು. ಅದನ್ನೇ ಬಸಿದು ಲೋಟಕ್ಕೆ ಹಾಕಿ ಸಂಗಮ್ಮನ ಮುಂದೆ ಹಿಡಿದೆ. ಅವಳು ನಿಂತುಕೊಂಡೇ ಪೂರ್ತಿ ಕುಡಿದಳು. "ಚೊಲೋ ಆಗೇತ್ರಿ" ಎಂದಳು.

ಸೀದು ಕರಕಲಾದ ಕಷಾಯ. ಅದನ್ನೂ ಚೆನ್ನಾಗಿದೆ ಎನ್ನುವಷ್ಟು ಹೆದರಿಕೆಯನ್ನು ಹದಿನಾಲ್ಕು ವರ್ಷದಲ್ಲಿ ನಾನು ಆ ಹೆಂಗಸಿಗೆ ಕಲಿಸಿದ್ದೆ. ಅದನ್ನು ಮರೆಸಲು ಒಂದು ಲೋಟ ಸಾಲುತ್ತದೆಂದು ಅಂದುಕೊಂಡವನು ಎಂಥ ದಡ್ಡ!

ಅಲ್ಲಿಂದ ಮುಂದೆ ನಾನು ಸಂತನಾದೆನೆಂದು ಬರೆದರೆ ಓದುವುದಕ್ಕೆ ಚೆನ್ನಾಗಿರುತ್ತದೆ. ಹಾಗಾಗಲಿಲ್ಲ. ತಂತಿಯನ್ನು ಮೊದಲು ಖಾಸಿಂ ಸಾಹೇಬರೇ ಒಡೆದು ಓದಬೇಕು, ನಾನು ಆ ಹೊತ್ತಿಗೆ ಗಿರಣಿಯ ಅಂಗಳದಲ್ಲಿ ಎರಡು ಸುತ್ತು ಹಾಕಬೇಕು ಎಂದು ನೇಮ ಮಾಡಿಕೊಂಡೆ. ನೀಲಳನ್ನು ಎದುರಿಗೆ ನಿಲ್ಲಿಸಿಕೊಂಡು ಜೋರಾಗಿ ಓದಿಸುವುದನ್ನು ಬಿಟ್ಟೆ. ಆದರೂ ಆ ವರ್ಷ ನಾಲ್ಕೈದು ಸಲ ಕೂಗಿದೆ. ಕೂಗಿದ ಮೇಲೆ ಮನೆ ಮತ್ತೆ ಗಪ್ಪಾಗುತ್ತಿತ್ತು. ಆ ಮೌನ ಈಗ ನನಗೆ ಮರ್ಯಾದೆಯಂತೆ ಕೇಳಿಸುತ್ತಿರಲಿಲ್ಲ. ಮೂರನೆಯ ಸಲವೋ ನಾಲ್ಕನೆಯ ಸಲವೋ ಕೂಗಿದ ಮೇಲೆ, "ತಪ್ಪು ನಂದು" ಎಂಬ ಮಾತು ಸುಂಕದ ಕಟ್ಟೆ ದಾಟಿ ಹೊರಗೆ ಬಂತು. ಸಂಗಮ್ಮನಿಗೆ ಅರ್ಥವಾಗಲಿಲ್ಲ. "ಏನಂದ್ರಿ?" ಎಂದಳು. ಎರಡನೆಯ ಸಲ ಹೇಳುವುದು ಮೊದಲನೆಯದಕ್ಕಿಂತ ಕಷ್ಟವಾಯಿತು.

ನೀಲ ನನ್ನ ಮುಂದೆ ತೊದಲದೆ ಒಂದು ಪೂರ್ತಿ ಮಾತು ಆಡಲು ವರ್ಷದ ಮೇಲೆ ಹಿಡಿಯಿತು. ಆ ಮಾತು, "ಅಪ್ಪಾ, ನಿನ್ನ ಮೂಗಿನ್ಯಾಗ ಹತ್ತಿ ಐತಿ" ಎಂಬುದು. ಆ ದಿನವೆಲ್ಲ ನಾನು ಆ ಹತ್ತಿಯನ್ನು ತೆಗೆಯಲಿಲ್ಲ. ಖಾಸಿಂ ಸಾಹೇಬರು ಪೊಟ್ಟಣ ತರುವುದನ್ನು ಯಾವಾಗ ಬಿಟ್ಟರೋ ಗೊತ್ತಾಗಲಿಲ್ಲ. ಅವ್ವ ಮಾತ್ರ ಕೊನೆಯವರೆಗೂ ಕುಡಿದಳು. "ರುಚಿ ಹತ್ತೇತಿ" ಎನ್ನುತ್ತಿದ್ದಳು. ಅದು ನಿಜವೋ, ಮಗನ ಮೇಲಿನ ಅಪನಂಬಿಕೆಯೋ, ಕೇಳುವ ಧೈರ್ಯವಾಗಲಿಲ್ಲ. ಬೀರಮ್ಮನ ಹತ್ತಿರ ಇನ್ನೊಮ್ಮೆ ಹೋಗಿ, ತಕ್ಕಡಿಯ ಮಾತು ಆಡಿದ್ದಕ್ಕೆ ಬೇಸರವಾಗಿದೆ ಎಂದೆ. ಅವಳು, "ಆ ಮಾತು ನಾ ಅವತ್ತೇ ಮರೆತೆ, ಸಾಮಿ. ಕೂಸು ಹೆಂಗೈತಿ?" ಎಂದಳು.

ಸಂಗಮ್ಮನ ವಿಷಯ ಬೇರೆ. ಅವಳು ಕಷಾಯ ಬಿಟ್ಟಳು, ಕೈ ನಡುಗುವುದು ನಿಂತಿತು. ಆದರೆ ಏನು ಕೇಳಿದರೂ "ಚೊಲೋ ಆಗೇತ್ರಿ" ಎಂಬ ಉತ್ತರ ಮಾತ್ರ ಎರಡು ಮೂರು ವರ್ಷ ಹಾಗೆಯೇ ಇತ್ತು. ಉಪ್ಪಿಲ್ಲದ್ದೂ ಚೊಲೋ, ಹರಿದ ಸೀರೆಯೂ ಚೊಲೋ. ಆ ಮಾತು ಕೇಳಿದಾಗಲೆಲ್ಲ ನಾನು ತಲೆ ತಗ್ಗಿಸುತ್ತಿದ್ದೆ.

ಯುದ್ಧ ಮುಗಿದ ಮೇಲಿನ ಒಂದು ಬೇಸಿಗೆ. ಅವಳು ಬೆಳಗ್ಗೆಯಿಂದ ಹಿಟ್ಟು ಕುದಿಸಿ, ಮಾಳಿಗೆಯ ಮೇಲೆ ಬಟ್ಟೆ ಹಾಸಿ, ವರ್ಷಕ್ಕಾಗುವಷ್ಟು ಸಂಡಿಗೆ ಇಟ್ಟಿದ್ದಳು. ನನ್ನ ಗಮನವೆಲ್ಲ ಹತ್ತಿಯ ಮೇಲೆ, ಅದು ಕಣ್ಣಿಗೆ ಬೀಳಲಿಲ್ಲ. ಅಂಗಡಿಯಿಂದ ತಂದ ಹತ್ತಿಯ ನಮೂನೆಗಳನ್ನು ಬೆಳಕಿನಲ್ಲಿ ನೋಡೋಣವೆಂದು ಮಾಳಿಗೆಗೆ ಒಯ್ದು ಬಿಡಿಸಿ ಹರಡಿದೆ. ಒಂದು ಸುಂಟರಗಾಳಿ ಎದ್ದಿತು. ಹತ್ತಿಯೆಲ್ಲ ಹಾರಿ, ಹಸಿ ಸಂಡಿಗೆಯ ಮೇಲೆ ಮೆತ್ತಿಕೊಂಡಿತು. ಪ್ರತಿಯೊಂದು ಸಂಡಿಗೆಗೂ ಬಿಳಿ ಗಡ್ಡ.

ಸಂಗಮ್ಮ ಮೆಟ್ಟಿಲು ಹತ್ತಿ ಬಂದಳು. ನೋಡಿದಳು. ನಾನು "ಚೊಲೋ ಆಗೇತ್ರಿ" ಎಂಬ ಮಾತಿಗೆ ಕಾಯುತ್ತ ನಿಂತೆ.

"ಕಣ್ಣು ಕಾಣಸೂದಿಲ್ಲೇನ್ರಿ ನಿಮಗ?" ಎಂದು ಅವಳು ಕೂಗಿದಳು. "ಮುಂಜಾನಿಂದ ಒಲಿ ಮುಂದ ಬೆಂದು ಇಟ್ಟೀನಿ! ಹತ್ತಿ ಹಿಂಜಾಕ ಊರಾಗ ಬ್ಯಾರೆ ಜಾಗ ಸಿಗಲಿಲ್ಲೇನು? ತಗೀರಿ! ಒಂದೊಂದು ಎಳೀನೂ ಕೈಲೆ ತಗೀರಿ! ತಗದ ಹೊರತು ಕೆಳಗ ಇಳೀಬ್ಯಾಡ್ರಿ!"

ಎಂಥ ದನಿ! ಓಣಿಯ ಆ ತುದಿಗೆ ಕೇಳಿರಬೇಕು. ನಾನು ಆಗಲೇ ಮಂಡಿಯೂರಿ ಕೂತು, ಬೆರಳ ತುದಿಯಿಂದ ಸಂಡಿಗೆಯ ಮೇಲಿನ ಹತ್ತಿ ತೆಗೆಯಲು ಶುರುಮಾಡಿದ್ದೆ. ಎದುರು ಮಾಳಿಗೆಯ ಮುದುಕರು ಗಾಬರಿಯಿಂದ ಗೋಡೆಯ ಮೇಲೆ ಬಗ್ಗಿ ಕೇಳಿದರು, "ಏನಾತ್ರಿ ಸಾವ್ಕಾರ? ಯಾರಿಗೇನಾತು?"

"ಏನಿಲ್ರಿ" ಎಂದೆ. "ನಮ್ಮ ಮನ್ಯಾಗ ಆರಾಮ ಆಗೇತಿ."